ಚಳಿಗೆ ಸ್ಟಾರ್ಟ್ ಆಗದ ಜೀಪು

ನಮ್ಮ ಮನೆಯಲ್ಲಿ ಮಾತೆಲ್ಲ ಉರ್ದು. ಆದರೆ ಅಬ್ಬಾರ ಜೀಪಿನ ಲೆಕ್ಕದ ಪುಸ್ತಕ ಮಾತ್ರ ಕನ್ನಡದಲ್ಲಿದೆ. ಏಕೆಂದರೆ ಅದನ್ನು ಬರೆಯುವವಳು ನಾನು. ನಾನು ಕಾಮರ್ಸ್‌ಗೆ ಸೇರಿದ ದಿನವೇ ಅಬ್ಬಾ ಅದನ್ನು ನನ್ನ ಕೈಗೆ ಕೊಟ್ಟರು. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಖರ್ಚು. ಅದರಲ್ಲಿ ಕಳೆದ ಜನವರಿಯ ಒಂದು ಪುಟ ತೆರೆಯಲು ನನಗೆ ಈಗಲೂ ಮುಜುಗರ.

ಜನವರಿ ಅಂದರೆ ನಮ್ಮ ಪೊನ್ನಂಪೇಟೆ ಕಡೆ ರೊಬಸ್ಟಾ ಕೊಯ್ಲಿನ ಸಮಯ. ಅಬ್ಬಾ ಫಜರ್ ನಮಾಜ್ ಮುಗಿಸಿ, ಹಣ್ಣು ಕೊಯ್ಯುವ ಹನ್ನೆರಡು ಮಂದಿ ಅಕ್ಕಂದಿರನ್ನು ಶ್ರೀಮಂಗಲ ಕಡೆಯ ತೋಟಕ್ಕೆ ಬಿಡಬೇಕು. ಕೊಯ್ದ ಹಣ್ಣಿನ ಕಿಲೋ ಲೆಕ್ಕದಲ್ಲಿ ಅವರಿಗೆ ಕೂಲಿ. ಜೀಪು ತಡವಾದರೆ ಅವರ ಕೂಲಿಯೂ ಕಡಿಮೆ.

ಆ ವಾರ ಮಂಜು ಜೋರಾಗಿತ್ತು. ಸೋಮವಾರ ಬೆಳಿಗ್ಗೆ ಅಬ್ಬಾ ಕೀ ತಿರುಗಿಸಿದರೆ ಸೆಲ್ಫ್ ‘ಗುರ್... ಗುರ್...’ ಎಂದು ನರಳಿ ನಿಂತಿತು. ಅಮ್ಮಿ ಮತ್ತು ನಾನು ಇಳಿಜಾರಿನಲ್ಲಿ ತಳ್ಳಿದೆವು, ಸ್ಟಾರ್ಟ್ ಆಯಿತು. ಮಂಗಳವಾರವೂ ಅದೇ ಕಥೆ. “ಬ್ಯಾಟರಿ ಹೋಯಿತು” ಎಂದರು ಅಬ್ಬಾ. ನೋಡಿದವರೆಲ್ಲ ಅದನ್ನೇ ಹೇಳಿದರು. ಬುಧವಾರ ಗೋಣಿಕೊಪ್ಪಕ್ಕೆ ಹೋಗಿ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸ ಬ್ಯಾಟರಿ ತಂದರು. ನಾನು ಬರೆದೆ: ಬ್ಯಾಟರಿ, 6,200 ರೂಪಾಯಿ. ಅದು ನನ್ನ ಫೀಸಿನ ಎರಡನೇ ಕಂತಿಗೆ ಎತ್ತಿಟ್ಟಿದ್ದ ಹಣ.

ಹೊಸ ಬ್ಯಾಟರಿಯ ಧೈರ್ಯದಲ್ಲಿ ಆ ರಾತ್ರಿ ಅಬ್ಬಾ ಜೀಪನ್ನು ಇಳಿಜಾರಿನ ಮೇಲೆ ನಿಲ್ಲಿಸದೆ ಕೆಳಗಿನ ಅಂಗಳದಲ್ಲಿ ನಿಲ್ಲಿಸಿದರು. ಗುರುವಾರ ಬೆಳಿಗ್ಗೆ ಮತ್ತೆ ‘ಗುರ್... ಗುರ್...’ ತಳ್ಳಲು ಇಳಿಜಾರೂ ಇಲ್ಲ. ಅಕ್ಕಂದಿರು ರಸ್ತೆ ಬದಿಯಲ್ಲಿ ಶಾಲು ಹೊದ್ದು ಒಂದೂವರೆ ಗಂಟೆ ಕಾದರು. ಕೊನೆಗೆ ಬೇರೆ ಜೀಪು ಬಂದು ಅವರನ್ನು ಕರೆದುಕೊಂಡು ಹೋಯಿತು.

ಸದ್ದು ಕೇಳಿ ಪಕ್ಕದ ಮನೆಯ ಸುಬೇದಾರ್ ತಾತ ಬಂದರು. ಸೈನ್ಯದಲ್ಲಿದ್ದಾಗ ಲಡಾಖ್‌ನಲ್ಲಿ ಲಾರಿಗಳನ್ನು ರಿಪೇರಿ ಮಾಡಿದವರು. ಅವರು ಬಾನೆಟ್ ಮುಟ್ಟಲೇ ಇಲ್ಲ, ಮೊದಲು ಪ್ರಶ್ನೆ ಕೇಳಿದರು. “ಮಧ್ಯಾಹ್ನ ಸ್ಟಾರ್ಟ್ ಆಗುತ್ತಾ?” ನಾನು ಪುಸ್ತಕ ನೋಡಿದೆ. ಮಧ್ಯಾಹ್ನದ ಬಾಡಿಗೆ ಒಂದೂ ತಪ್ಪಿರಲಿಲ್ಲ. “ಸೆಲ್ಫ್ ಹೊಡೆಯುವಾಗ ಹೆಡ್‌ಲೈಟ್ ಮಂಕಾಗುತ್ತಾ?” ಹಾಕಿ ನೋಡಿದೆವು. ಸೆಲ್ಫ್ ನರಳುತ್ತಿದ್ದರೂ ಲೈಟು ಚೆನ್ನಾಗಿಯೇ ಉರಿಯಿತು.

“ಹಾಗಾದರೆ ಬ್ಯಾಟರಿಯಲ್ಲಿ ಕರೆಂಟು ಇದೆ, ಸೆಲ್ಫ್‌ಗೆ ಪೂರ್ತಿ ತಲುಪುತ್ತಿಲ್ಲ” ಎಂದರು ತಾತ. ಆಮೇಲೆ ನನಗೆ ಬಿಡಿಸಿ ಹೇಳಿದರು. ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿಯಂತೆ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಹೀಟರ್ ಪ್ಲಗ್ ಅದಕ್ಕೆ ಸಹಾಯ ಮಾಡುತ್ತದೆ. ಆದರೆ ಇಂಜಿನ್ ಜೋರಾಗಿ ತಿರುಗಲೇಬೇಕು. ಚಳಿಯಲ್ಲಿ ಆಯಿಲ್ ಗಟ್ಟಿಯಾಗುತ್ತದೆ, ತಿರುಗಿಸಲು ಹೆಚ್ಚು ಕರೆಂಟು ಬೇಕು. ಆಯಿಲ್ ಡಬ್ಬದ ಮೇಲಿನ 15ಡಬ್ಲ್ಯೂ-40 ಎಂಬುದರಲ್ಲಿ ‘ಡಬ್ಲ್ಯೂ’ ಅಂದರೆ ವಿಂಟರ್, ಚಳಿಗಾಲ ಎಂದು ನನಗೆ ಗೊತ್ತಾದದ್ದು ಆಗಲೇ.

ತಾತ ಮನೆಯಿಂದ ಮಲ್ಟಿಮೀಟರ್ ತಂದರು. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ನಿನ ಮೈಗೆ. ಅಬ್ಬಾ ಸೆಲ್ಫ್ ಹೊಡೆದರು. ಅರ್ಧ ವೋಲ್ಟ್‌ಗಿಂತ ಕಡಿಮೆ ಇರಬೇಕಾದ ಕಡೆ ಎರಡು ವೋಲ್ಟ್ ದಾಟಿತು. “ಅರ್ತ್ ವೈರು” ಎಂದರು.

ಅಬ್ಬಾ ಜೀಪಿನಡಿಗೆ ಹೋಗಿ, ಇಂಜಿನ್ನಿನಿಂದ ಚಾಸಿಗೆ ಬರುವ ಅರ್ತ್ ವೈರಿನ ಬೋಲ್ಟ್ ಬಿಚ್ಚಿದರು. ಟಾರ್ಚ್ ಹಿಡಿದಿದ್ದವಳು ನಾನು. ವೈರಿನ ತುದಿ ಕೂರುವ ಜಾಗದಲ್ಲಿ ಹೊಳೆಯುವ ಕಪ್ಪು ಬಣ್ಣ, ಅದರ ಅಂಚಿನಲ್ಲಿ ತುಕ್ಕು. ಆ ಬಣ್ಣದ ಗುರುತು ನನಗೆ ತಕ್ಷಣ ಸಿಕ್ಕಿತು. ಮಳೆಗಾಲ ಮುಗಿದ ಮೇಲೆ ಖರ್ಚು ಉಳಿಸಲು ಚಾಸಿಗೆ ಬಣ್ಣ ಬಳಿದವಳು ನಾನೇ. ಚೆನ್ನಾಗಿ ಕಾಣಲಿ ಎಂದು ಆ ಬೋಲ್ಟ್ ಬಿಚ್ಚಿ, ಒಳಗೂ ಬಳಿದು, ಬಣ್ಣದ ಮೇಲೆಯೇ ವೈರು ಕೂರಿಸಿದ್ದೆ. ಬಣ್ಣ ಕರೆಂಟನ್ನು ತಡೆಯುತ್ತದೆ. ಬೋಲ್ಟಿನ ಮೂಲಕ ಹರಿಯುತ್ತಿದ್ದ ಸ್ವಲ್ಪವನ್ನು ತುಕ್ಕು ಇನ್ನಷ್ಟು ಕಡಿಮೆ ಮಾಡಿತ್ತು. ಬಿಸಿಲಿನಲ್ಲಿ ಅಷ್ಟೇ ಸಾಕಾಗುತ್ತಿತ್ತು, ಚಳಿಯಲ್ಲಿ ಸಾಲಲಿಲ್ಲ.

ಸುಮ್ಮನಿರಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. 6,200 ನೆನಪಾಯಿತು, ರಸ್ತೆ ಬದಿಯ ಅಕ್ಕಂದಿರು ನೆನಪಾದರು. “ಅಬ್ಬಾ, ಅದು ನಾನು ಬಳಿದದ್ದು” ಎಂದೆ. ಜೀಪಿನ ಅಡಿಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ, “ಬಣ್ಣ ಮಾತ್ರ ಚೆನ್ನಾಗಿ ಹೊಡೆದಿದ್ದೀಯ ಬೇಟಿ, ಉಜ್ಜಿದರೂ ಹೋಗುತ್ತಿಲ್ಲ. ಮರಳು ಕಾಗದ ಕೊಡು” ಎಂದರು.

ಬ್ಯಾಟರಿಯ ನೆಗೆಟಿವ್ ಕಳಚಿಟ್ಟು, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆವು. ಶುಕ್ರವಾರ ಬೆಳಿಗ್ಗೆ ಅದೇ ಮಂಜಿನಲ್ಲಿ ಜೀಪು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮರಳು ಕಾಗದ, 15 ರೂಪಾಯಿ ಎಂದು ಬರೆದೆ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ತಪ್ಪು ಹುಡುಕಬೇಕು ಎಂದು ನಾವು ಕಲಿಯುತ್ತೇವೆ. ನಾವು ತಪ್ಪು ಹುಡುಕದೆ ಬ್ಯಾಟರಿಯ ಖಾತೆಗೆ ಹಾಕಿಬಿಟ್ಟೆವು. ಹಳೆಯ ಬ್ಯಾಟರಿ ವಾಪಸ್ ಸಿಗಲಿಲ್ಲ. ಫೀಸು ಕಟ್ಟಲು ಒಂದು ತಿಂಗಳು ತಡವಾಯಿತು, ಅದಕ್ಕಾಗಿ ಅಬ್ಬಾ ರಾತ್ರಿ ಬಾಡಿಗೆಗೂ ಹೋದರು. ನಿಮ್ಮ ಮನೆಯ ಗಾಡಿ ಚಳಿಗೆ ನಿಂತರೆ ಮೊದಲು ಲೈಟು ನೋಡಿ, ಟರ್ಮಿನಲ್ ನೋಡಿ, ಅರ್ತ್ ನೋಡಿ. ಅಂಗಡಿಗೆ ಹೋಗುವುದು ಕೊನೆಗೆ.

ಅಕ್ಕಂದಿರ ನಷ್ಟ ಬರೆಯಲು ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಮುಂದಿನ ವಾರ ಅವರಲ್ಲಿ ಹಿರಿಯ ಅಕ್ಕನ ಬಳಿ ಹೋಗಿ, ತಪ್ಪು ನನ್ನದು ಎಂದೆ. ಅವರು ನಕ್ಕು ಕೈ ಚಾಚಿ ತೋರಿಸಿದರು: “ಬಿಡವ್ವ, ಈ ಚಳಿಗೆ ನಮ್ಮ ಬೆರಳೂ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ.” ಬೆರಳ ತುದಿಗಳೆಲ್ಲ ಒಡೆದಿದ್ದವು. ಮನೆಯಲ್ಲಿ ಉಳಿದಿದ್ದ ವ್ಯಾಸಲೀನ್ ಡಬ್ಬಿಯನ್ನು ಮರುದಿನ ಅಬ್ಬಾರ ಕೈಯಲ್ಲಿ ಕಳಿಸಿದೆ.