ತೋಳಿನಳತೆಯ ವಾದ್ಯ

ಮೊಮ್ಮಗಳು ಬೇಸ್ ಗಿಟಾರ್ ಬಿಟ್ಟುಬಿಡುವೆನೆಂದು ಅಳುತ್ತ ಕುಳಿತಾಗ ನನಗೆ ನನ್ನ ವೀಣೆ ನೆನಪಾಯಿತು. 'ನಿನ್ನ ಕೈ ಗಿಡ್ಡ, ವೀಣೆ ನಿನಗೊಲಿಯದು' ಎಂದು ಹಿರಿಯರೊಬ್ಬರು ನುಡಿದದ್ದಕ್ಕೆ ನಾನು ಹತ್ತನೆಯ ವಯಸ್ಸಿನಲ್ಲೇ ಕಲಿಕೆ ನಿಲ್ಲಿಸಿದ್ದೆ.

ಅವಳದು ಅಣ್ಣ ನುಡಿಸಿ ಬಿಟ್ಟ ವಾದ್ಯ. ತಂತಿ ಕಂಪಿಸುವ ಉದ್ದ 34 ಅಂಗುಲ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನದೂ ಇದೇ ಅಳತೆ. ಮೊದಲ ಮೆಟ್ಟಿಲಿಗೆ ಎಡಗೈ ಚಾಚುವಷ್ಟರಲ್ಲಿ ಅವಳ ಮಣಿಕಟ್ಟು ಸೊಟ್ಟಗಾಗುತ್ತಿತ್ತು, ಭುಜ ನೋಯುತ್ತಿತ್ತು.

ಕಳೆದ ಭಾನುವಾರ ಜಯನಗರದ ವಾದ್ಯದಂಗಡಿಗೆ ಹೋದೆವು. ಅಲ್ಲಿಯ ಹುಡುಗ (ನನ್ನ ಶಿಷ್ಯನಲ್ಲ, ಆದರೂ 'ಮೇಡಂ' ಎಂದ!) 30 ಅಂಗುಲದ್ದೊಂದನ್ನು ತೆಗೆದುಕೊಟ್ಟ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರ ಹಾಫ್ನರ್ ಕೂಡ ಇಷ್ಟೇ ಉದ್ದದ್ದಂತೆ. 'ನಿಂತು ನುಡಿಸಮ್ಮ, ಎಡಗೈ ಬಿಟ್ಟರೆ ಕತ್ತು ನೆಲದತ್ತ ಜಾರಬಾರದು' ಎಂದ. ಮೊದಲನೆಯದು ಜಾರಿತು, ಎರಡನೆಯದು ನಿಂತಿತು. ಚಿಕ್ಕ ವಾದ್ಯದಲ್ಲಿ ತಂತಿಯ ಬಿಗಿ ಕಡಿಮೆ, ಬಲವಾಗಿ ಬಾರಿಸುವವರಿಗೆ ಹಿಡಿಸದು. ಇವಳದು ಬೆರಳ ತುದಿಯ ಮೆದು ಮೀಟು.

ಆಟೋದಲ್ಲಿ ಬರುವಾಗ, 'ಅಜ್ಜಿ, ನಿನ್ನ ವೀಣೆ ಎಲ್ಲಿದೆ?' ಎಂದಳು. ಮಾರಿ ಐವತ್ತು ವರ್ಷವಾಯಿತೆಂದು ಹೇಳಲು ನನಗೆ ನಾಲಿಗೆ ಬರಲಿಲ್ಲ.