ಮಧ್ಯಾಹ್ನದ ಗಾಳಿ

ಫೆಬ್ರವರಿಯಲ್ಲಿ ಮಗಳಿಗೆ ಮೂರನೇ ಸಲ ನೆಬುಲೈಸರ್ ಹಿಡಿದ ದಿನ ಅಮ್ಮ ಫೋನಲ್ಲಿ ಹೇಳಿದ್ದು ಒಂದೇ ಮಾತು: "ಪರೀಕ್ಷೆ ಮುಗೀತಿದ್ದಂಗೆ ಮಗೀನ ಇಲ್ಲಿಗ್ ಕಳ್ಸಪ್ಪ. ಆ ಹೊಗೇಲಿಟ್ಕೊಂಡು ಏನ್ಮಾಡ್ತೀಯ?" ನಮ್ಮೂರು ಮಾಗಡಿ ಕಡೆ. ನನಗೂ ಸರಿ ಅನ್ನಿಸಿತು. ಹೊಗೆ ಇರೋದು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ, ನಮ್ಮ ರಾಗಿ ಹೊಲದಲ್ಲಿ ಅಲ್ಲವಲ್ಲ.

ಅಷ್ಟರಲ್ಲಾಗಲೇ ನಾನೂ ಒಂದು ಉಪಾಯ ಹೂಡಿದ್ದೆ. ಭಾನುವಾರ ಮಧ್ಯಾಹ್ನ, ಟ್ರಾಫಿಕ್ ಕಮ್ಮಿ ಇರೋ ಹೊತ್ತು ನೋಡಿ, ಮಗಳನ್ನು ಸಿಟಿಯಾಚೆ ಕರೆದುಕೊಂಡು ಹೋಗಿ ಸೈಕಲ್ ಹೊಡೆಸುವುದು. ಎರಡು ವಾರ ಚೆನ್ನಾಗಿತ್ತು. ಮೂರನೇ ವಾರ ಚುರುಗುಟ್ಟುವ ಬಿಸಿಲು, ತಿಳಿ ಆಕಾಶ. ರಾತ್ರಿ ಮತ್ತೆ ಉಬ್ಬಸ. ಡಾಕ್ಟರು "ಧೂಳು, ವೈರಸ್ಸು, ಓಝೋನು, ಯಾವುದಾದ್ರೂ ಆಗಿರಬಹುದು" ಅಂದರು. ಓಝೋನ್! ಶಾಲೆಯಲ್ಲಿ ಓದಿದ ಪ್ರಕಾರ ಅದು ಮೇಲೆಲ್ಲೋ ಪದರ ಕಟ್ಟಿಕೊಂಡು ನಮ್ಮನ್ನು ಕಾಯುವ ಒಳ್ಳೆಯ ಅನಿಲ.

ಮೇಲಿದ್ದರೆ ಒಳ್ಳೆಯದೇ. ಮೂಗಿನ ಹತ್ತಿರ ಬಂದರೆ ಶ್ವಾಸಕೋಶ ಸುಡುತ್ತದೆ. ತಮಾಷೆ ಅಂದ್ರೆ ಅದು ಯಾವ ಸೈಲೆನ್ಸರ್‌ನಿಂದಲೂ ಬರುವುದಿಲ್ಲ. ಗಾಡಿಗಳು ಬಿಡುವ ನೈಟ್ರೋಜನ್ ಡೈಆಕ್ಸೈಡನ್ನು ಬಿಸಿಲು ಒಡೆಯುತ್ತದೆ. ಬಿಡುಗಡೆಯಾದ ಆಮ್ಲಜನಕದ ಒಂಟಿ ಪರಮಾಣು ಗಾಳಿಯ ಆಮ್ಲಜನಕಕ್ಕೆ ಅಂಟಿಕೊಂಡರೆ ಓಝೋನ್. ಪೆಟ್ರೋಲ್, ಪೇಂಟ್‌ಗಳ ಆವಿ ಸೇರಿದರೆ ಈ ಅಡುಗೆ ಇನ್ನೂ ಜೋರು. ಇದನ್ನು 1950ರ ಸುಮಾರಿಗೆ ಲಾಸ್ ಏಂಜಲೀಸ್‌ನಲ್ಲಿ ಕಂಡುಹಿಡಿದ ಹಾಗೆನ್-ಸ್ಮಿತ್ ಅದಕ್ಕೆ ಮೊದಲು ಅನಾನಸ್ ಹಣ್ಣಿನ ಪರಿಮಳದ ಬಗ್ಗೆ ಸಂಶೋಧನೆ ಮಾಡ್ತಿದ್ದ ಪುಣ್ಯಾತ್ಮ.

ನನ್ನ ನಿದ್ದೆಗೆಡಿಸಿದ್ದು ಮುಂದಿನ ಭಾಗ. ಗಾಡಿಗಳಿಂದ ಆಗಷ್ಟೇ ಹೊರಬಂದ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುತ್ತದೆ. ಹಾಗಾಗಿ ಟ್ರಾಫಿಕ್ ಗಿಜಿಗುಡುವ ಜಂಕ್ಷನ್‌ನಲ್ಲಿ ಓಝೋನ್ ಕಮ್ಮಿಯೇ ಇರಬಹುದು. ಅದೇ ಗಾಳಿ ಬಿಸಿಲಲ್ಲಿ ಬೇಯುತ್ತಾ ಮೂವತ್ತು ನಲವತ್ತು ಕಿಲೋಮೀಟರ್ ಹೋದರೆ, ಅಲ್ಲಿ ತಿನ್ನುವವರಿಲ್ಲದೆ ಓಝೋನ್ ಏರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ರಸ್ತೆ ಖಾಲಿಯಿದ್ದಾಗ ಹಲವು ನಗರಗಳಲ್ಲಿ ಓಝೋನ್ ಹೆಚ್ಚಾಗಿದ್ದಕ್ಕೆ ಇದೂ ಒಂದು ಕಾರಣ. ಎರರ್ ಕಾಣಿಸಿಕೊಳ್ಳುವ ಜಾಗ ಒಂದು, ಬಗ್ ಇರುವ ಜಾಗ ಇನ್ನೊಂದು. ದಿನಾ ಆಫೀಸಲ್ಲಿ ನೋಡೋದೇ ಇದನ್ನ. ಮಧ್ಯಾಹ್ನ ಅದರ ಮಟ್ಟ ತುದಿಗೇರುವ ಹೊತ್ತು. ಕಣ್ಣಿಗೆ ಕಾಣಲ್ಲ, ಎನ್95 ಮಾಸ್ಕ್ ತಡೆಯಲ್ಲ. ಅಂದರೆ ನಾನು ಮಗಳ ಸೈಕಲ್ಲಿಗೆ ಹುಡುಕಿ ಹುಡುಕಿ ಆರಿಸಿದ್ದು ಅದೇ ಹೊತ್ತು, ಅದೇ ಜಾಗ.

ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುವಾಗ ಬೆಂಗಳೂರಿನ ಹೊಗೆ ನಮ್ಮೂರ ದಿಕ್ಕಿಗೇ. ಮೇ ಹೊತ್ತಿಗೆ ಗಾಳಿ ತಿರುಗುತ್ತೆ, ಆಮೇಲೆ ಅದು ಹೊಸಕೋಟೆ ಕಡೆಯವರ ಪಾಲು. ಹೀಗಂತ ಹೆಂಡತಿಗೂ ನನಗೂ ಒಂದು ವಾರ ಚರ್ಚೆ. ಕೊನೆಗೆ ಮೇ ತಿಂಗಳು ಹುಟ್ಟಿದ ಮೇಲೆ ಕಳಿಸಿದೆವು. ಮಧ್ಯಾಹ್ನ ಹೊರಗೆ ಬಿಡಬೇಡ ಅಂತ ಅಮ್ಮನಿಗೆ ರಸಾಯನಶಾಸ್ತ್ರ ಸಮೇತ ವಿವರಿಸಿದೆ. "ಮಟಮಟ ಮಧ್ಯಾಹ್ನ ಯಾರ್ಲಾ ಮಕ್ಳುನ್ನ ಬಿಸ್ಲಿಗ್ ಬಿಡ್ತಾರೆ?" ಅಂದಳು.

ಕೆಮ್ಮು ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಬೆಳಗ್ಗೆ ವಿಡಿಯೋ ಕಾಲ್ ಮಾಡಿದರೆ ಮಗಳು ಬಚ್ಚಲ ಹಂಡೆ ಒಲೆಯ ಮುಂದೆ ಕೂತು ತೆಂಗಿನ ಗರಿ ತುರುಕುತ್ತಿರುತ್ತಾಳೆ. ಹಿಂದೆ ಪೂರಾ ಹೊಗೆ. ಗೀಸರ್ ಹಾಕಿಸ್ತೀನಿ ಅಂದೆ. "ಆ ನೀರಲ್ಲಿ ಸ್ನಾನ ಮಾಡಿದಂಗೇ ಆಗಲ್ಲ" ಅಂತಾಳೆ ಅಮ್ಮ. ನಾಳೆ ಮತ್ತೆ ಫೋನ್ ಮಾಡಬೇಕು.