ತೋನ್ಸೆಪಾರಿನ ಚಳಿಗಾಲದ ಬಿಸಿಲು

ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ಪಶ್ಚಿಮಕ್ಕೆ ಅರಬ್ಬಿ ಸಮುದ್ರದಲ್ಲಿರುವ ಸೇಂಟ್ ಮೇರಿಸ್ ದ್ವೀಪಕ್ಕೆ ಊರವರ ಹೆಸರು ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿ ಮಾತೆಯ ಹೆಸರಿಟ್ಟನೆಂದು ಪ್ರತೀತಿ. ಮಳೆಗಾಲದಲ್ಲಿ ಪ್ರವಾಸಿ ದೋಣಿಗಳಿಲ್ಲ. ಈ ಲೇಖಕ ಕ್ಯಾಮೆರಾ ಹೊತ್ತು ಮತ್ತೆ ಮತ್ತೆ ಹೋಗುವುದು ಡಿಸೆಂಬರ್, ಜನವರಿಯಲ್ಲಿ.

ಚಿತ್ರಗಳು ಬಂದರಿನಲ್ಲೇ ಶುರುವಾಗುತ್ತವೆ. ಬಂಗುಡೆ ತುಂಬಿದ ಬುಟ್ಟಿಗಳ ಮೇಲೆ ಕಂದುತಲೆಯ ಕಡಲಕ್ಕಿಗಳು ಸುತ್ತುತ್ತವೆ. ಲಡಾಖ್, ಟಿಬೆಟ್‌ನಂಥ ಎತ್ತರದ ಸೀಮೆಯ ಸರೋವರಗಳಲ್ಲಿ ಮರಿಮಾಡುವ ಈ ಹಕ್ಕಿಗಳಿಗೆ ಚಳಿಗಾಲದಲ್ಲಿ ತಲೆ ಬೆಳ್ಳಗಾಗಿ, ಕಣ್ಣಿನ ಹಿಂದೆ ಒಂದು ಮಸಿಬೊಟ್ಟು ಮಾತ್ರ ಉಳಿದಿರುತ್ತದೆ.

ದ್ವೀಪದ ನಿಜವಾದ ಚೆಲುವು ಬಂಡೆಯಲ್ಲಿದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲಕ್ಕೆ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿತು. ಬಿರುಕುಗಳು ಮೇಲಿಂದ ಒಳಕ್ಕಿಳಿದು ಐದು, ಆರು, ಏಳು ಮುಖಗಳ ಕಂಬಗಳಾದವು. ಏಪ್ರಿಲ್ ಕೊನೆಯ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುವುದರಿಂದ ಈ ಮುಖಗಳು ಒಂದರೊಳಗೊಂದು ಕಲೆತುಹೋಗುತ್ತವೆ. ಡಿಸೆಂಬರ್ ಕೊನೆಗೆ ಅದೇ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿಗಿಂತ ಮೇಲೇರುವುದಿಲ್ಲ. ಒಂದು ಮೀಟರ್ ಕಂಬಕ್ಕೆ ಮುಕ್ಕಾಲು ಮೀಟರ್ ನೆರಳು! ಒಂದು ಮುಖ ಬೆಳಗಿದರೆ ಪಕ್ಕದ್ದು ಕಪ್ಪಾಗುತ್ತದೆ, ಅಂಚು ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಬೆಳಗಿನ ಹೊಂಬಿಸಿಲಿಗೆ ದೋಣಿ ಸಿಗದಿದ್ದರೂ ಕೊರಗಬೇಕಿಲ್ಲ. ಈ ಕಂಬಗಳಿಗೆ ಚಳಿಗಾಲದ ಮಧ್ಯಾಹ್ನವೇ ಒಳ್ಳೆಯ ಹೊತ್ತು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು. ಆಗ ಕಂಬಗಳ ಬುಡ ಹೊರಬೀಳುತ್ತದೆ, ಸಂದುಗಳಲ್ಲಿ ಅಂಗೈಯಗಲದ ನೀರು ನಿಂತಿರುತ್ತದೆ. ಅಂಥದೊಂದು ಗುಂಡಿಯ ಮುಂದೆ ಮಂಡಿಯೂರಿ ಕುಳಿತರೆ ಕಂಬದ ತಲೆಯೂ ಆಕಾಶವೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಒದ್ದೆ ಬಂಡೆಯ ಹೊಳಪು ತಗ್ಗಿಸಲು ಪೋಲರೈಸರ್ ಬೇಕೇ ಬೇಕು. ಪಾಚಿ ಕಟ್ಟಿದ ಕಡೆ ಕಾಲು ಜಾರುತ್ತದೆ. ಅಲೆಗೆ ಬೆನ್ನು ಹಾಕಿ ನಿಲ್ಲಲೇಬಾರದು.

ದಡದಲ್ಲಿ ಮರಳಿಗಿಂತ ಚಿಪ್ಪಿನ ಚೂರುಗಳೇ ಹೆಚ್ಚು. ಆ ಬಿಳುಪಿಗೆ ಕ್ಯಾಮೆರಾದ ಮೀಟರ್ ಮೋಸಹೋಗಿ ಚಿತ್ರವನ್ನು ಮಂಕಾಗಿಸುತ್ತದೆ. ಮೊದಲ ಭೇಟಿಯ ಚಿಪ್ಪಿನ ಚಿತ್ರಗಳೆಲ್ಲ ಬೂದಿಬಣ್ಣಕ್ಕೆ ತಿರುಗಿದ್ದು ಹೀಗೆಯೇ. ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ.

ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ, ಲೆನ್ಸಿನ ಮೇಲೆ ಉಪ್ಪಿನ ಪೊರೆ ಕೂರುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಆದ್ದರಿಂದ ಮಲ್ಪೆಗೆ ಮರಳಿದೊಡನೆ ಸಿಹಿನೀರಿನಲ್ಲಿ ನೆನೆಸಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಮೊದಲು ಕ್ಯಾಮೆರಾ, ಆಮೇಲೆ ಟ್ರೈಪಾಡಿನ ಕಾಲುಗಳನ್ನು ಒರೆಸಿಡಬೇಕು.